ಬ್ರೇಕಿನ ಧೂಳು: ಕಣ್ಣಿನ ಸಾಕ್ಷ್ಯ ಮತ್ತು ಲೆಕ್ಕದ ಸಾಕ್ಷ್ಯ

ಕಾಲೇಜಿನಲ್ಲಿ ನನ್ನೊಡನೆ ಓದಿದ ಗೆಳೆಯನೊಬ್ಬ ಈಗ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದಾನೆ. ವೃತ್ತಿಯಿಂದ ಎಂಜಿನಿಯರು, ಮೋಟಾರು ಕಾರು ಅವನ ಗೀಳು. ಬಹುಕಾಲ ಹಣ ಕೂಡಿಹಾಕಿ ಜರ್ಮನಿಯಲ್ಲಿ ತಯಾರಾದ ವೇಗದ ಕಾರೊಂದನ್ನು ಕೊಂಡಿದ್ದಾನೆ. ಈಚೆಗೆ ಅವನಿಂದ ಬಂದ ಪತ್ರದಲ್ಲಿ ಕ್ಷೇಮಸಮಾಚಾರ ಎರಡು ಸಾಲು, ಕಾರಿನ ಸಮಾಚಾರ ಎರಡು ಪುಟ. ಅದರ ಸಾರಾಂಶ ಇಷ್ಟು: “ಶನಿವಾರ ಚಕ್ರಗಳನ್ನು ಉಜ್ಜಿ ತೊಳೆದು ಬೆಳ್ಳಿಯಂತೆ ಮಾಡುತ್ತೇನೆ. ಮುಂದಿನ ಶುಕ್ರವಾರದ ಹೊತ್ತಿಗೆ ಅವು ಕಮ್ಮಾರನ ಕುಲುಮೆಯಿಂದ ಎದ್ದು ಬಂದಂತೆ ಇರುತ್ತವೆ. ಎಲ್ಲವೂ ಬ್ರೇಕಿನ ಧೂಳು. ಪ್ಯಾಡುಗಳು ಹೇಗೂ ಸವೆದಿವೆ. ಧೂಳು ಕಡಿಮೆ ಉದುರಿಸುವ ಪ್ಯಾಡು ಹಾಕಿಸಲೆ? ಹಾಕಿಸಿದರೆ ಕಾರು ಮೊದಲಿನಂತೆ ನಿಲ್ಲುತ್ತದೆಯೆ? ನೀನು ಭೌತಶಾಸ್ತ್ರದ ಮೇಷ್ಟ್ರು, ಹೇಳು.”

ನಾನು ಅದೇ ಸಂಜೆ ಉತ್ತರ ಬರೆದೆ: “ಧೂಳು ಒಳ್ಳೆಯ ಬ್ರೇಕಿನ ಲಕ್ಷಣ. ದುಡಿಯುವವನ ಕೈ ಮಸಿಯಾಗುತ್ತದೆ. ತೊಳೆದುಕೊಂಡಿರು.” ಮಾತು ಕೇಳಲು ಚೆನ್ನಾಗಿತ್ತು. ಆದರೆ ಮರುದಿನ ಎರಡು ತರಗತಿಗಳ ನಡುವಣ ಬಿಡುವಿನಲ್ಲಿ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿದಾಗ, ಆ ಮಾತು ಅರ್ಧ ತಪ್ಪೆಂದು ಗೊತ್ತಾಯಿತು. ಗೆಳೆಯನಿಗೆ ತಿದ್ದುಪಡಿ ಕಳುಹಿಸಿದ್ದಾಯಿತು. ಪ್ರಕೃತ ಲೇಖನ ಆ ತಿದ್ದುಪಡಿಯ ವಿಸ್ತಾರ. ನಮ್ಮ ವಿದ್ಯಾರ್ಥಿಗಳಲ್ಲಿ ವೇಗದ ಕಾರುಗಳ ಒಡೆಯರು ವಿರಳವೆಂಬುದನ್ನು ಬಲ್ಲೆ. ಆದರೂ ಈ ಸಣ್ಣ ಪ್ರಶ್ನೆಯ ಒಳಗೆ ಚಲನಶಕ್ತಿ, ಶಾಖ, ಘರ್ಷಣೆ, ಮನುಷ್ಯನ ಉಸಿರು, ಹೊಳೆಯ ಮೀನು ಇವೆಲ್ಲವೂ ಸೇರಿಕೊಂಡಿವೆ. ಒಂದು ವಸ್ತುವನ್ನು ಕೊಳ್ಳುವಾಗ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಕೊನೆಗೆ ಕೇಳಬೇಕು ಎಂಬ ವಿವೇಕವೂ ಸೇರಿದೆ.

ಬ್ರೇಕು ಎಂದರೇನು? ವಾಹನವನ್ನು ನಿಲ್ಲಿಸುವ ಸಾಧನವೆಂದು ಹೇಳಿ ಸುಮ್ಮನಾಗುತ್ತೇವೆ. ಭೌತಶಾಸ್ತ್ರದ ದೃಷ್ಟಿಯಲ್ಲಿ ಅದು ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವ ಯಂತ್ರ. ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಬಿಲ್ಲೆಯೊಂದುಂಟು, ಅದೇ ಡಿಸ್ಕು. ಅದರ ಎರಡು ಮುಖಗಳಿಗೂ ಎದುರಾಗಿ ಒಂದೊಂದು ಪ್ಯಾಡು ಇರುತ್ತದೆ. ಚಾಲಕನು ಪೆಡಲನ್ನು ಒತ್ತಿದಾಗ ಬ್ರೇಕಿನ ದ್ರವದ ಒತ್ತಡವು ಕ್ಯಾಲಿಪರ್ ಎಂಬ ಇಕ್ಕಳದೊಳಗಿನ ಪಿಸ್ಟನ್ನುಗಳನ್ನು ತಳ್ಳುತ್ತದೆ. ಪ್ಯಾಡುಗಳು ಎರಡು ಕಡೆಯಿಂದಲೂ ಡಿಸ್ಕನ್ನು ಅಮುಕಿ ಹಿಡಿಯುತ್ತವೆ. ಅಲ್ಲಿ ಹುಟ್ಟುವ ಘರ್ಷಣೆಯೇ ಕಾರಿನ ವೇಗವನ್ನು ನುಂಗುತ್ತದೆ. ನುಂಗಿದ್ದನ್ನು ಶಾಖವಾಗಿ ಹೊರಹಾಕುತ್ತದೆ.

ಎಷ್ಟು ಶಾಖ? ಗೆಳೆಯನ ಕಾರಿನ ತೂಕವನ್ನು 1600 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 6.2 ಲಕ್ಷ ಜೂಲ್ ದೊರೆಯುತ್ತದೆ. 25 ಡಿಗ್ರಿಯಲ್ಲಿರುವ ಎರಡು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಅದರಲ್ಲೇನು ವಿಶೇಷ, ನಮ್ಮ ಅಡುಗೆಮನೆಯಲ್ಲಿ ದಿನವೂ ಆಗುವುದು ಅಷ್ಟೇ ತಾನೆ ಎನ್ನಬಹುದು. ಆದರೆ ಒಣರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಒತ್ತಿದರೆ ಕಾರು ಮೂರು ಸೆಕೆಂಡುಗಳಿಗಿಂತ ಸ್ವಲ್ಪವೇ ಹೆಚ್ಚು ಕಾಲದಲ್ಲಿ ನಿಂತುಬಿಡುತ್ತದೆ. ಅಷ್ಟು ಹೊತ್ತು ಬ್ರೇಕುಗಳು ಸರಾಸರಿ ಎರಡು ಲಕ್ಷ ವ್ಯಾಟ್ ಪ್ರಮಾಣದಲ್ಲಿ ಕೆಲಸ ಮಾಡುತ್ತಿರುತ್ತವೆ. ನೂರು ವಿದ್ಯುತ್ ಕೆಟಲುಗಳನ್ನು ಒಮ್ಮೆಗೇ ಹಚ್ಚಿದ ಹಾಗೆ!

ಈ ಶಾಖದ ಬಹುಭಾಗ ಮೊದಲು ಹೋಗಿ ಸೇರುವುದು ಡಿಸ್ಕುಗಳಿಗೆ. ನಾಲ್ಕು ಡಿಸ್ಕುಗಳ ಒಟ್ಟು ಕಬ್ಬಿಣ 40 ಕಿಲೋಗ್ರಾಂ ಇದ್ದರೆ, ಕಬ್ಬಿಣದ ವಿಶಿಷ್ಟೋಷ್ಣವನ್ನು ಕಿಲೋಗ್ರಾಮಿಗೆ ಡಿಗ್ರಿಯೊಂದಕ್ಕೆ 460 ಜೂಲ್ ಎಂದು ಹಿಡಿದಾಗ, ಒಂದು ಸಲ ನಿಂತರೆ ಉಷ್ಣತೆ ಸುಮಾರು 34 ಡಿಗ್ರಿ ಏರುತ್ತದೆ. ಇದು ಸರಾಸರಿ. ಬ್ರೇಕು ಹಿಡಿದಾಗ ಭಾರವು ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳ ಪಾಲಿಗೆ ಬರುತ್ತದೆ. ಮುಂದಿನ ಡಿಸ್ಕುಗಳು ಇದಕ್ಕಿಂತ ಹೆಚ್ಚು ಕಾಯುತ್ತವೆ. ಹೇಗಾದರೂ 34 ಡಿಗ್ರಿ ಭಯಪಡುವಂಥದಲ್ಲ. ಭಯ ಹುಟ್ಟುವುದು ವೇಗದ ವರ್ಗದಿಂದ.

ಜರ್ಮನಿಯ ಆಟೋಬಾನ್ ಹೆದ್ದಾರಿಯ ಕೆಲವು ಭಾಗಗಳಲ್ಲಿ ವೇಗಕ್ಕೆ ಕಡ್ಡಾಯವಾದ ಮಿತಿಯಿಲ್ಲ. ಅಲ್ಲಿನ ವೇಗದ ಕಾರುಗಳು ಗಂಟೆಗೆ 250 ಕಿಲೋಮೀಟರ್ ಓಡುವುದುಂಟು. ವೇಗ ಎರಡೂವರೆ ಪಟ್ಟಾದರೆ ಶಕ್ತಿ ಆರೂಕಾಲು ಪಟ್ಟು. ಅಂಥ ವೇಗದಿಂದ ಒಮ್ಮೆ ನಿಂತರೆ ಅದೇ ಡಿಸ್ಕುಗಳು ಸುಮಾರು 210 ಡಿಗ್ರಿ ಕಾಯುತ್ತವೆ. ಆರುವ ಮುನ್ನ ಎರಡನೆಯ ಸಲ ನಿಲ್ಲಬೇಕಾಗಿ ಬಂದರೆ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು. ಕ್ಯಾಲಿಫೋರ್ನಿಯದ ಹೆದ್ದಾರಿಗಳಲ್ಲಿ ಗರಿಷ್ಠ ಮಿತಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರ್. ಅಲ್ಲಿಂದ ನಿಂತರೆ ಏರಿಕೆ 42 ಡಿಗ್ರಿ. ಕಾರು ಒಂದೇ, ಡಿಸ್ಕು ಒಂದೇ; ಎರಡು ದೇಶಗಳ ರಸ್ತೆಗಳ ನಡುವೆ ಬ್ರೇಕಿನ ಕೆಲಸ ಐದು ಪಟ್ಟು ವ್ಯತ್ಯಾಸವಾಗುತ್ತದೆ. ಧೂಳಿನ ಕಥೆಯ ಬೇರು ಇಲ್ಲಿದೆ.

ಈಗ ಪ್ಯಾಡಿನ ವಿಚಾರ. ಅದು ಒಂದು ಬಗೆಯ ಪಾಕ. ಉಕ್ಕಿನ ಅಥವಾ ಇತರ ನಾರುಗಳು, ಗ್ರಾಫೈಟು, ಕಠಿಣವಾದ ಆಕ್ಸೈಡುಗಳ ಪುಡಿ, ರಬ್ಬರು, ಬೇರಿಯಂ ಸಲ್ಫೇಟಿನಂಥ ತುಂಬುಪದಾರ್ಥ ಹೀಗೆ ಹತ್ತಾರು ದಿನಸುಗಳನ್ನು ಕಲಸಿ, ಫೀನಾಲ್ ರಾಳವೊಂದರಿಂದ ಬಂಧಿಸಿ, ಬಿಸಿಮಾಡಿ ಒತ್ತಿ ಗಟ್ಟಿಗೊಳಿಸಿರುತ್ತಾರೆ. ಈ ರಾಳ ನಮಗೆ ಹೊಸದಲ್ಲ. 1907ರಲ್ಲಿ ಲಿಯೊ ಬೇಕ್‌ಲೆಂಡ್ ಕಂಡುಹಿಡಿದ ಬೇಕಲೈಟಿನ ಬಂಧು. ಹಳೆಯ ಮನೆಗಳ ಕರಿಯ ವಿದ್ಯುತ್ ಸ್ವಿಚ್ಚುಗಳನ್ನು ನೋಡಿದವರಿಗೆ ಬೇಕಲೈಟಿನ ಪರಿಚಯವಿದೆ. ಅದು ಶಾಖವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಅಪರಿಮಿತವಾಗಿ ಅಲ್ಲ. ಉಷ್ಣತೆ 300 ಡಿಗ್ರಿಯನ್ನು ದಾಟಿ ಮೇಲೇರಿದಂತೆ ರಾಳ ವಿಘಟನೆಗೊಂಡು ಅನಿಲಗಳನ್ನು ಬಿಡುತ್ತದೆ, ಘರ್ಷಣೆ ಕುಗ್ಗುತ್ತದೆ, ಪೆಡಲನ್ನು ಎಷ್ಟು ಒತ್ತಿದರೂ ಕಾರು ಮುಂದೆ ಮುಂದೆ ಹೋಗುತ್ತದೆ. ಬ್ರೇಕು ಸೋಲುವುದೆಂದರೆ ಇದೇ.

ಪಾಕದಲ್ಲಿ ಎರಡು ಮುಖ್ಯ ಸಂಪ್ರದಾಯಗಳಿವೆ. ಯೂರೋಪಿನಲ್ಲಿ ಬಳಕೆಯಲ್ಲಿರುವುದು ಉಕ್ಕಿನ ನಾರನ್ನೂ ಕಠಿಣವಾದ ಪುಡಿಯನ್ನೂ ತಕ್ಕಷ್ಟು ಬೆರೆಸಿದ ಲೋಹಮಿಶ್ರ ಪ್ಯಾಡು. ಇದು ಡಿಸ್ಕನ್ನು ಅರದಂತೆ ತುಸು ತುಸುವಾಗಿ ಕೊರೆಯುತ್ತ ಹಿಡಿಯುತ್ತದೆ. ತಣ್ಣಗಿರುವಾಗಲೂ ಹಿಡಿತ ಚುರುಕು, ಕಾದಾಗಲೂ ಬಹುಮಟ್ಟಿಗೆ ಸ್ಥಿರ. ಅಮೆರಿಕ ಮತ್ತು ಜಪಾನುಗಳಲ್ಲಿ ಹೆಚ್ಚಾಗಿ ಬಳಸುವುದು ಉಕ್ಕಿನ ನಾರಿಲ್ಲದ, ಮೃದುವಾದ ಪ್ಯಾಡು. ಅಂಗಡಿಯ ಭಾಷೆಯಲ್ಲಿ ಇದರ ಬಹುಪಾಲಿಗೆ ‘ಸಿರಾಮಿಕ್’ ಎಂದು ಹೆಸರು. ಇದು ಡಿಸ್ಕಿನ ಮೇಲೆ ತನ್ನದೇ ದ್ರವ್ಯದ ತೆಳುವಾದ ಪೊರೆಯೊಂದನ್ನು ಹಚ್ಚಿ, ಆ ಪೊರೆಯ ಮೇಲೆಯೇ ಅಂಟಿ ಅಂಟಿ ಬಿಡುತ್ತ ಘರ್ಷಣೆಯನ್ನು ಉಂಟುಮಾಡುತ್ತದೆ. ಸದ್ದು ಕಡಿಮೆ, ಧೂಳು ಕಡಿಮೆ, ಬೀಳುವ ಧೂಳಿನ ಬಣ್ಣವೂ ತಿಳಿ. ಆದರೆ ಅತಿಯಾಗಿ ಕಾದರೆ ಪೊರೆ ಕೆಡುತ್ತದೆ, ಅಥವಾ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿ ಮೆತ್ತಿಕೊಂಡು ಪೆಡಲು ನಡುಗತೊಡಗುತ್ತದೆ.

ಜರ್ಮನಿಯ ತಯಾರಕನು ಮೊದಲನೆಯ ಬಗೆಯನ್ನು ಏಕೆ ಆರಿಸಿದನೆಂಬುದು ಈಗ ಸ್ಪಷ್ಟವಾಯಿತಷ್ಟೆ. ಗಂಟೆಗೆ 250 ಕಿಲೋಮೀಟರ್ ವೇಗದಿಂದ ಎರಡು ಮೂರು ಸಲ ನಿಲ್ಲಬೇಕಾದವನನ್ನು ಅವನು ಕಣ್ಣಮುಂದೆ ಇಟ್ಟುಕೊಂಡಿದ್ದ. ನ್ಯೂರ್ಬರ್ಗ್‌ರಿಂಗಿನ ಉತ್ತರಪಥದಂಥ, 20 ಕಿಲೋಮೀಟರ್‌ಗೂ ಮಿಕ್ಕಿ ಬೆಟ್ಟದ ಏರಿಳಿತಗಳಲ್ಲಿ ಸುತ್ತುವ ಪಂದ್ಯದ ಹಾದಿಯನ್ನು ಇಟ್ಟುಕೊಂಡಿದ್ದ. ಆಫೀಸಿಗೆ ಹೋಗಿ ಬರುವ ನನ್ನ ಗೆಳೆಯನನ್ನು ಅಲ್ಲ.

“ದುಡಿಯುವವನ ಕೈ ಮಸಿಯಾಗುತ್ತದೆ” ಎಂದು ನಾನು ಬರೆದುದರಲ್ಲಿ ತಪ್ಪಿದ್ದು ಎಲ್ಲಿ? ಯಾರು ಸವೆಯುತ್ತಿದ್ದಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಮುಂದಿನ ಚಕ್ರದ ಪ್ಯಾಡೊಂದರ ಮುಖ 70 ಚದರ ಸೆಂಟಿಮೀಟರ್ ಇದೆಯೆನ್ನಿ. ತನ್ನ ಆಯುಷ್ಯದಲ್ಲಿ ಅದು 8 ಮಿಲಿಮೀಟರ್ ಸವೆದರೆ 56 ಘನ ಸೆಂಟಿಮೀಟರ್ ನಷ್ಟ. ಸಾಂದ್ರತೆ ಎರಡೂವರೆಯಾದರೆ 140 ಗ್ರಾಂ. ಮುಂದಿನ ನಾಲ್ಕು ಪ್ಯಾಡುಗಳಿಂದ 560 ಗ್ರಾಂ. ಇನ್ನು ಡಿಸ್ಕು. ಪ್ಯಾಡು ಉಜ್ಜುವ ಉಂಗುರದ ಹೊರತ್ರಿಜ್ಯ 17 ಸೆಂಟಿಮೀಟರ್, ಒಳತ್ರಿಜ್ಯ 11 ಸೆಂಟಿಮೀಟರ್ ಇದ್ದರೆ ಒಂದು ಮುಖದ ವಿಸ್ತೀರ್ಣ ಸುಮಾರು 528 ಚದರ ಸೆಂಟಿಮೀಟರ್. ಅದೇ ಅವಧಿಯಲ್ಲಿ ಮುಖವೊಂದಕ್ಕೆ ಬರಿಯ ಅರ್ಧ ಮಿಲಿಮೀಟರಿನಂತೆ ಎರಡು ಮುಖಗಳೂ ಸವೆದರೆ 53 ಘನ ಸೆಂಟಿಮೀಟರ್. ಬೀಡುಕಬ್ಬಿಣದ ಸಾಂದ್ರತೆ 7.2. ತೂಕ 380 ಗ್ರಾಂ. ಎರಡು ಡಿಸ್ಕುಗಳಿಗೆ 760 ಗ್ರಾಂ!

ಬೆರಳಿಗೆ ಸರಿಯಾಗಿ ತಿಳಿಯದಷ್ಟು ಸವೆದ ಡಿಸ್ಕು, ಕಣ್ಣಿಗೆ ಕಾಣುವಂತೆ ತೆಳುವಾದ ಪ್ಯಾಡಿಗಿಂತ ಹೆಚ್ಚು ದ್ರವ್ಯವನ್ನು ಕಳೆದುಕೊಂಡಿರಬಲ್ಲುದು. ಇವು ಅಂದಾಜಿನ ಅಂಕಿಗಳೆಂಬುದು ನಿಜ. ಕಾರಿನಿಂದ ಕಾರಿಗೆ ಬದಲಾಗುತ್ತವೆ. ಆದರೆ ತೀರ್ಮಾನ ಅಲುಗುವಂಥದಲ್ಲ. ಲೋಹಮಿಶ್ರ ಪ್ಯಾಡು ಹಾಕಿದ ಕಾರಿನ ಚಕ್ರದ ಮೇಲೆ ಕೂಡುವ ಕರಿಯ ಧೂಳಿನಲ್ಲಿ ಬಹಳಷ್ಟು ಕಬ್ಬಿಣ, ಅದರಲ್ಲಿ ದೊಡ್ಡ ಪಾಲು ಡಿಸ್ಕಿನದು. ಇದಕ್ಕೆ ಪ್ರಯೋಗಶಾಲೆ ಬೇಡ. ಆಯಸ್ಕಾಂತವೊಂದನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂಥ ಧೂಳಿನ ಬಳಿಗೆ ಒಯ್ದರೆ, ಧೂಳು ಗಡ್ಡದಂತೆ ಎದ್ದು ಅಂಟಿಕೊಳ್ಳುತ್ತದೆ. ಕಾದ ಕಬ್ಬಿಣದ ಕಣಗಳು ಚಕ್ರದ ಬಣ್ಣದೊಳಕ್ಕೆ ನಾಟಿಕೊಂಡು, ತೇವ ತಗುಲಿದಾಗ ತುಕ್ಕು ಹಿಡಿದು ಕಲೆಯನ್ನು ಉಳಿಸುವುದೂ ಇದೇ ಕಾರಣದಿಂದ.

ಆದುದರಿಂದ ಧೂಳು ಬರಿಯ ದುಡಿಮೆಯ ಗುರುತಲ್ಲ. ಐದು ಪಟ್ಟು ಕೆಲಸಕ್ಕೆ ಸಿದ್ಧಪಡಿಸಿದ ಅರವನ್ನು ಒಂದು ಪಟ್ಟು ಕೆಲಸಕ್ಕೆ ಬಳಸಿದಾಗ ಆಗುವ ಅಪವ್ಯಯದ ಗುರುತೂ ಹೌದು. ಗೆಳೆಯನು ಪಡೆಯದ ಪ್ರಯೋಜನಕ್ಕಾಗಿ ಅವನ ಡಿಸ್ಕು ಸವೆಯುತ್ತಿದೆ. ಈ ಮಟ್ಟಿಗೆ ಅವನ ಕಡೆಯೇ ನ್ಯಾಯವಿದೆ. ನನ್ನ ಮೊದಲ ಉತ್ತರ ತಪ್ಪು.

ಆದರೆ ಅವನು ಕೊಟ್ಟ ಕಾರಣವೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಚಕ್ರ ಬೆಳ್ಳಗಿದ್ದರೆ ಎಲ್ಲವೂ ಸರಿಯೆಂದು ನಂಬುವುದು ಕಣ್ಣನ್ನು ಅತಿಯಾಗಿ ನಂಬಿದಂತೆ. ಇದಕ್ಕೆ ಇತಿಹಾಸದಲ್ಲಿ ಒಂದು ಕಠೋರವಾದ ದೃಷ್ಟಾಂತವಿದೆ.

1888ರಲ್ಲಿ ಬರ್ತಾ ಬೆಂಜ್ ಎಂಬ ಧೀರ ಮಹಿಳೆ ತನ್ನ ಗಂಡ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಪ್ರಯಾಣಮಾಡಿದಳು. ದಾರಿಯಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳೆಂದು ಹೇಳುತ್ತಾರೆ. ಬ್ರೇಕಿಗೆ ಒಳಪಟ್ಟಿ ಹಾಕುವ ಪದ್ಧತಿಯ ಆರಂಭ ಅದೇ ಎನ್ನಬಹುದು. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಈ ಪಟ್ಟಿಗಳ ತಯಾರಿಕೆಯನ್ನು ಉದ್ಯಮವಾಗಿ ಬೆಳೆಸತೊಡಗಿದ. ಹತ್ತಿಯೂ ತೊಗಲೂ ಶಾಖಕ್ಕೆ ಸುಡುತ್ತಿದ್ದುವು. ಆಗ ಬಂದುದು ಕಲ್ನಾರು. ಅದು ಸುಡುವುದಿಲ್ಲ, ಅಗ್ಗ, ಸದ್ದಿಲ್ಲದೆ ಹಿಡಿಯುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಜಗತ್ತಿನ ಮೋಟಾರುಗಳು ನಿಂತದ್ದು ಕಲ್ನಾರಿನ ಬಲದಿಂದ.

ಕಲ್ನಾರಿನ ಧೂಳು ಚಕ್ರಗಳನ್ನು ಮಸಿಮಾಡಿ ಯಾರನ್ನೂ ರೇಗಿಸಲಿಲ್ಲ. ಆದರೆ ಅದರ ನಾರುಗಳು ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದು, ಅಲ್ಲಿ ಕರಗದೆ ಉಳಿದು, ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರಿನಂಥ ಮಾರಕರೋಗಗಳನ್ನು ತರುತ್ತವೆಂಬುದು ಸಿದ್ಧವಾಯಿತು. ಯೂರೋಪಿನ ಒಕ್ಕೂಟ 2005ರಿಂದ ಕಲ್ನಾರಿನ ಬಳಕೆಯನ್ನು ಪೂರ್ಣವಾಗಿ ನಿಷೇಧಿಸಿತು. ಅಮೆರಿಕ 2024ರಲ್ಲಿ, ಬಳಕೆಯಲ್ಲಿ ಉಳಿದಿದ್ದ ಬಿಳಿಯ ಕಲ್ನಾರಿಗೆ ನಿಷೇಧ ವಿಧಿಸಿತು. ಇದರಿಂದ ತಿಳಿಯತಕ್ಕದ್ದು ಒಂದು: ಧೂಳಿನ ಬಣ್ಣಕ್ಕೂ ಅದರ ವಿಷಕ್ಕೂ ಸಂಬಂಧವಿಲ್ಲ.

ಎರಡನೆಯ ದೃಷ್ಟಾಂತ ಗೆಳೆಯನ ಊರಿನದೇ. ಶಾಖವನ್ನು ಬೇಗ ಸಾಗಿಸುವ ಗುಣಕ್ಕಾಗಿ ಪ್ಯಾಡುಗಳಲ್ಲಿ ತಾಮ್ರವನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಧೂಳು ಕಡಿಮೆಯ ಪ್ಯಾಡುಗಳೂ ಇದಕ್ಕೆ ಹೊರತಾಗಿರಲಿಲ್ಲ. ರಸ್ತೆಯ ಮೇಲೆ ಬಿದ್ದ ತಾಮ್ರದ ಕಣಗಳು ಮಳೆನೀರಿನೊಡನೆ ಹಳ್ಳಕೊಳ್ಳಗಳಿಗೆ, ಕೊಲ್ಲಿಗೆ ಹರಿದು ಹೋಗುತ್ತಿದ್ದುವು. ನೀರಿನಲ್ಲಿ ಅಲ್ಪಸ್ವಲ್ಪ ತಾಮ್ರ ಕರಗಿದರೂ ಸಾಲ್ಮನ್ ಮೀನಿನ ಘ್ರಾಣಶಕ್ತಿ ಕುಂದುತ್ತದೆ. ಹುಟ್ಟಿದ ಹೊಳೆಯನ್ನು ವಾಸನೆಯಿಂದ ಗುರುತಿಸಿ ಮರಳುವ ಮೀನಿಗೆ ಇದಕ್ಕಿಂತ ದೊಡ್ಡ ಕೇಡು ಬೇಕೆ? 2010ರಲ್ಲಿ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು ಕಾನೂನು ಮಾಡಿ, ಪ್ಯಾಡಿನಲ್ಲಿ ತಾಮ್ರದ ಪ್ರಮಾಣ 2021ರಿಂದ ಶೇಕಡ 5ನ್ನೂ 2025ರಿಂದ ಶೇಕಡ 0.5ನ್ನೂ ಮೀರಕೂಡದೆಂದು ವಿಧಿಸಿದುವು. ಈ ಕೊನೆಯ ಮಿತಿಗೆ ಒಳಪಟ್ಟ ಪ್ಯಾಡಿನ ಅಂಚಿನಲ್ಲಿ ‘ಎನ್’ ಎಂಬ ಅಕ್ಷರವಿರುತ್ತದೆ. ಚಕ್ರ ಬೆಳ್ಳಗಿರುವುದನ್ನು ಆ ಅಕ್ಷರ ಹೇಳುವುದಿಲ್ಲ. ಹೊಳೆ ಶುದ್ಧವಾಗಿರುವುದಕ್ಕೆ ನೆರವಾಗುತ್ತದೆ.

ಮೂರನೆಯದು ನಮ್ಮೆಲ್ಲರ ಉಸಿರಿನ ಮಾತು. ಚಕ್ರಕ್ಕೆ ಮೆತ್ತುವುದು ಬ್ರೇಕಿನ ಧೂಳಿನ ಒಂದು ಭಾಗ ಮಾತ್ರ. ಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ, ಅಂದರೆ 10 ಮೈಕ್ರಾನಿಗಿಂತ ಸಣ್ಣ ಕಣಗಳು ಗಾಳಿಯಲ್ಲಿ ತೇಲಿಹೋಗುತ್ತವೆ. ಅವು ಒಡೆಯನ ಚಕ್ರವನ್ನು ಬಿಟ್ಟು ದಾರಿಹೋಕನ ಎದೆಯನ್ನು ಸೇರುತ್ತವೆ. ಯೂರೋಪಿನ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮ, ಹೊಗೆಕೊಳವೆಯ ಜೊತೆಗೆ ಬ್ರೇಕಿಗೂ ಮೊತ್ತಮೊದಲ ಬಾರಿಗೆ ಮಿತಿ ಹಾಕಿದೆ. ಹೊಸ ಮಾದರಿಯ ಕಾರುಗಳಿಗೆ 2026ರ ನವೆಂಬರ್ ಕೊನೆಯಿಂದ ಅನ್ವಯಿಸುವಂತೆ ವಿಧಿಸಿರುವ ಈ ನಿಯಮದ ಪ್ರಕಾರ ಎಂಜಿನ್ ಇರುವ ಕಾರಿನ ಬ್ರೇಕು ಕಿಲೋಮೀಟರಿಗೆ 7 ಮಿಲಿಗ್ರಾಮಿಗಿಂತ ಹೆಚ್ಚು ಸೂಕ್ಷ್ಮಕಣಗಳನ್ನು ಬಿಡಕೂಡದು. ಕೇವಲ ವಿದ್ಯುತ್ತಿನಿಂದ ಓಡುವ ಕಾರಿಗೆ 3 ಮಿಲಿಗ್ರಾಂ. ಏಕೆಂದರೆ ಅದರ ಮೋಟಾರೇ ಜನಕಯಂತ್ರವಾಗಿ ವರ್ತಿಸಿ ಬ್ರೇಕಿನ ಕೆಲಸದ ಬಹುಪಾಲನ್ನು ತಾನೇ ವಹಿಸಿಕೊಳ್ಳುತ್ತದೆ.

ನಮ್ಮ ಅಂದಾಜಿನ ಪ್ಯಾಡು ಮತ್ತು ಡಿಸ್ಕುಗಳ 1320 ಗ್ರಾಂ ಸವೆತ 40,000 ಕಿಲೋಮೀಟರ್ ಓಟದಲ್ಲಿ ಆಯಿತೆಂದರೆ, ಕಿಲೋಮೀಟರಿಗೆ 33 ಮಿಲಿಗ್ರಾಂ. ಇದರಲ್ಲಿ ದೊಡ್ಡ ಕಣವೂ ಸಣ್ಣ ಕಣವೂ ಸೇರಿರುವುದರಿಂದ 7ರೊಡನೆ ನೇರವಾಗಿ ಹೋಲಿಸುವುದು ತರವಲ್ಲ. ಪ್ರಮಾಣದ ಕಲ್ಪನೆ ಬರುತ್ತದೆ, ಅಷ್ಟೆ. ಮೃದು ಪ್ಯಾಡುಗಳು ಸಾಮಾನ್ಯವಾಗಿ ಲೋಹಮಿಶ್ರ ಪ್ಯಾಡುಗಳಿಗಿಂತ ಕಡಿಮೆ ದ್ರವ್ಯವನ್ನು ಹೊರಬಿಡುತ್ತವೆ. ಇದು ಅವುಗಳ ಪರವಾದ ಬಲವಾದ ವಾದ. ಆದರೆ ಯಾವ ಪ್ಯಾಡಾದರೂ ಒಂದು ಉಷ್ಣತೆಯನ್ನು ಮೀರಿ ಕಾದರೆ ರಾಳ ಆವಿಯಾಗಿ, ಅತಿಸೂಕ್ಷ್ಮ ಕಣಗಳ ಸಂಖ್ಯೆ ಥಟ್ಟನೆ ಏರುತ್ತದೆ. ಅಂದಮೇಲೆ ಸರಿಯಲ್ಲದ ಕೆಲಸಕ್ಕೆ ಬಳಸಿದ ಮೃದು ಪ್ಯಾಡು ಚಕ್ರವನ್ನು ಬೆಳ್ಳಗಿಟ್ಟು ಗಾಳಿಯನ್ನು ಕೆಡಿಸಬಹುದು. ಕಣ್ಣಿನ ಸಾಕ್ಷ್ಯ ಇಲ್ಲಿ ಸಾಲದು.

ಹಾಗಾದರೆ ಆಯ್ಕೆ ಹೇಗೆ? ಮೊದಲ ಪ್ರಶ್ನೆ ಧೂಳಿನದಲ್ಲ, ಶಾಖದ್ದು. ನನ್ನ ಕಾರು ಯಾವ ವೇಗದಿಂದ, ಎಷ್ಟು ಸಲ, ಎಷ್ಟು ಬಿಡುವಿನಲ್ಲಿ ನಿಲ್ಲುತ್ತದೆ? ಇಲ್ಲಿ ಇಳಿಜಾರನ್ನು ಮರೆಯಬಾರದು. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಗಳಲ್ಲಿ ಟಯೋಗಾ ಕಣಿವೆಮಾರ್ಗ ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಲೀ ವೈನಿಂಗ್ ಎಂಬ ಊರಿಗೆ, ಸುಮಾರು 20 ಕಿಲೋಮೀಟರ್ ಹಾದಿಯಲ್ಲಿ, 960 ಮೀಟರಿನಷ್ಟು ಇಳಿಯಬೇಕು. ನಮ್ಮ ಕಾರು ಈ ಇಳಿತದಲ್ಲಿ ಕಳೆದುಕೊಳ್ಳುವ ಸ್ಥಾನಶಕ್ತಿ ಒಂದೂವರೆ ಕೋಟಿ ಜೂಲ್. ಗಂಟೆಗೆ 100 ಕಿಲೋಮೀಟರಿನಿಂದ 24 ಬಾರಿ ನಿಂತುದಕ್ಕೆ ಸಮ! ಗಾಳಿಯ ತಡೆಯೂ ಎಂಜಿನ್ನೂ ಅದರಲ್ಲಿ ಪಾಲು ತೆಗೆದುಕೊಳ್ಳಬಲ್ಲುವು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನಿನ ಪಾಲು ದೊಡ್ಡದು, ಬ್ರೇಕಿನದು ಚಿಕ್ಕದು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬಸ್ಸಿನಲ್ಲಿ ಇಳಿದವರು, ಚಾಲಕ ಗೇರು ಇಳಿಸಿದಾಗ ಎಂಜಿನ್ ಗುಡುಗಿದುದನ್ನು ಕೇಳಿರುತ್ತಾರೆ. ಅದು ಬ್ರೇಕನ್ನು ಕಾಯಿಸದೆ ಉಳಿಸಿಕೊಳ್ಳುವ ಸದ್ದು. ಯಾವ ಪ್ಯಾಡೂ ಈ ವಿವೇಕಕ್ಕೆ ಬದಲಿಯಾಗಲಾರದು.

ಎರಡನೆಯ ಪ್ರಶ್ನೆ ಹಿಡಿತದ್ದು. ಹೆಚ್ಚು ಘರ್ಷಣಾಂಕದ ಪ್ಯಾಡು ಕಾರನ್ನು ಬೇಗ ನಿಲ್ಲಿಸುತ್ತದೆಂಬ ನಂಬಿಕೆ ಸಾಮಾನ್ಯ. ಆದರೆ ಅಂತಿಮವಾಗಿ ಕಾರನ್ನು ನಿಲ್ಲಿಸುವುದು ಟಯರಿಗೂ ರಸ್ತೆಗೂ ನಡುವಿನ ಘರ್ಷಣೆ. ಆ ಘರ್ಷಣಾಂಕ 0.9 ಇದ್ದರೆ, ಗಂಟೆಗೆ 100 ಕಿಲೋಮೀಟರಿನಿಂದ ನಿಲ್ಲಲು ಸುಮಾರು 44 ಮೀಟರ್ ಬೇಕೇ ಬೇಕು. ಪ್ಯಾಡನ್ನು ಬಂಗಾರದಿಂದ ಮಾಡಿದರೂ ಅದು ಕಡಿಮೆಯಾಗದು. ಟಯರಿನ ಮಿತಿಯನ್ನು ಮುಟ್ಟಿಸುವ ಬಲ ಒಳ್ಳೆಯ ಪ್ಯಾಡುಗಳೆಲ್ಲಕ್ಕೂ ಇದೆ. ವ್ಯತ್ಯಾಸ ಕಾಲಿಗೆ ಬೀಳುವ ಶ್ರಮದಲ್ಲಿ. ಪ್ಯಾಡಿನ ಘರ್ಷಣಾಂಕ 0.42ರಿಂದ 0.33ಕ್ಕೆ ಇಳಿದರೆ, ಅದೇ ಪರಿಣಾಮಕ್ಕೆ ಪೆಡಲಿನ ಮೇಲೆ ಕಾಲುಭಾಗಕ್ಕೂ ಮಿಕ್ಕಿ ಹೆಚ್ಚು ಒತ್ತಡ ಬೇಕು. ನಿಜವಾದ ವ್ಯತ್ಯಾಸ ತೋರುವುದು ಮೊದಲನೆಯ ಸಲ ಅಲ್ಲ, ಹತ್ತನೆಯ ಸಲ ನಿಲ್ಲಿಸುವಾಗ.

ಇದನ್ನು ತಿಳಿಯಲು ಅಮೆರಿಕದ ಪ್ಯಾಡುಗಳ ಅಂಚಿನಲ್ಲಿ ಎರಡು ಅಕ್ಷರಗಳ ಸಂಕೇತವಿರುತ್ತದೆ. ಮೊದಲಕ್ಷರ ಸಾಧಾರಣ ಉಷ್ಣತೆಯ ಘರ್ಷಣಾಂಕವನ್ನೂ ಎರಡನೆಯದು ಕಾದಾಗಿನ ಘರ್ಷಣಾಂಕವನ್ನೂ ಸೂಚಿಸುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ‘ಎಫ್ ಎಫ್’ ಎಂದಿದ್ದರೆ ಕಾದರೂ ಅದೇ ಮೆಟ್ಟಿಲಿನಲ್ಲಿ ನಿಲ್ಲುತ್ತದೆಂದರ್ಥ. ‘ಎಫ್ ಇ’ ಎಂದಿದ್ದರೆ ಕಾದಾಗ ಒಂದು ಮೆಟ್ಟಿಲು ಇಳಿಯುತ್ತದೆ. ಒಂದು ಅಂಗುಲ ಚೌಕದ ಸಣ್ಣ ತುಂಡನ್ನು ಯಂತ್ರದಲ್ಲಿ ಉಜ್ಜಿ ಕಂಡ ಫಲವಾದುದರಿಂದ ಇದೇ ಪೂರ್ಣಸತ್ಯವಲ್ಲ. ಆದರೂ ಪೆಟ್ಟಿಗೆಯ ಮೇಲಿನ ಚಿತ್ರಕ್ಕಿಂತ ನಂಬತಕ್ಕದ್ದು. ಇದಕ್ಕಿಂತ ಮೇಲಾದುದು ವಿಶ್ವಸಂಸ್ಥೆಯ ಆಶ್ರಯದ 90ನೆಯ ವಿನಿಯಮ. ಯೂರೋಪಿನಲ್ಲಿ ಮಾರುವ ಬದಲಿ ಪ್ಯಾಡು ಮೂಲ ಪ್ಯಾಡಿನ ಸಾಮರ್ಥ್ಯಕ್ಕಿಂತ ಶೇಕಡ 15ರ ಅಂತರದೊಳಗೇ ಇರಬೇಕೆಂದು ಅದು ವಿಧಿಸುತ್ತದೆ. ಆ ಮುದ್ರೆ ಇರುವ ಧೂಳು ಕಡಿಮೆಯ ಪ್ಯಾಡುಗಳೂ ದೊರೆಯುತ್ತವೆ. ಗೆಳೆಯನಿಗೆ ಅಂಥದನ್ನೇ ಹುಡುಕಲು ಹೇಳಿದ್ದೇನೆ.

ಮೂರನೆಯದು ಸಮತೋಲದ ಪ್ರಶ್ನೆ. ಧೂಳು ಹೆಚ್ಚಾಗಿ ಕಾಣುವುದು ಮುಂದಿನ ಚಕ್ರದಲ್ಲಿಯೆಂದು ಅಲ್ಲಿಗೆ ಮಾತ್ರ ಮೃದು ಪ್ಯಾಡು ಹಾಕಿಸುವವರುಂಟು. ಆಗ ಹಿಂದಿನ ಚಕ್ರಗಳ ಹಿಡಿತ ತನ್ನ ಪಾಲಿಗಿಂತ ಹೆಚ್ಚಾಗುತ್ತದೆ. ಹಿಂದಿನ ಚಕ್ರಗಳು ಮೊದಲು ಜಾರಿದರೆ ಕಾರು ಬುಗುರಿಯಂತೆ ತಿರುಗಲು ಹವಣಿಸುತ್ತದೆ. ಈಗಿನ ಕಾರುಗಳ ವಿದ್ಯುನ್ಮಾನ ವ್ಯವಸ್ಥೆ ಇದನ್ನು ತಡೆಯಲು ಯತ್ನಿಸುತ್ತದೆಂಬುದು ನಿಜ. ಆದರೆ ಕಾವಲುಗಾರನಿದ್ದಾನೆಂದು ಬಾಗಿಲು ತೆರೆದಿಡುವುದು ಜಾಣತನವಲ್ಲ. ಬದಲಾಯಿಸಿದರೆ ನಾಲ್ಕು ಚಕ್ರಗಳಿಗೂ ಬದಲಾಯಿಸತಕ್ಕದ್ದು. ಹೊಸ ಪ್ಯಾಡನ್ನು ಹಾಕಿದ ಮೇಲೆ, ತಯಾರಕರು ಹೇಳಿದ ಕ್ರಮದಲ್ಲಿ ಹಿತವಾಗಿ ಹಲವು ಸಲ ಬ್ರೇಕು ಹಿಡಿದು, ಡಿಸ್ಕಿನ ಮೇಲೆ ಪೊರೆ ಸಮವಾಗಿ ಕೂಡುವಂತೆ ಮಾಡಬೇಕು. ಬ್ರೇಕಿನ ದ್ರವವನ್ನೂ ಕಾಲಕಾಲಕ್ಕೆ ಬದಲಿಸಬೇಕು. ತೇವವನ್ನು ಹೀರಿ ಹಳತಾದ ದ್ರವ ಬೇಗ ಕುದಿಯುತ್ತದೆ, ಆಗ ಅತ್ಯುತ್ತಮ ಪ್ಯಾಡೂ ನಿಷ್ಪ್ರಯೋಜಕ.

ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ, ‘ಎನ್’ ಅಕ್ಷರವನ್ನು ನೋಡಿ, ಕೊನೆಯಲ್ಲಿ ಧೂಳಿನ ಪ್ರಶ್ನೆ ಕೇಳಬಹುದು. ಧಾರಾಳವಾಗಿ ಹಣವಿರುವವರಿಗೆ ಇನ್ನೊಂದು ದಾರಿಯೂ ಇದೆ: ಪ್ಯಾಡನ್ನಲ್ಲ, ಡಿಸ್ಕನ್ನೇ ಗಟ್ಟಿಮಾಡುವುದು. ಪೋರ್ಷೆ ಕಂಪನಿ 2017ರಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಕಠಿಣ ಲೇಪವುಳ್ಳ ಬೀಡುಕಬ್ಬಿಣದ ಡಿಸ್ಕನ್ನು ಹೊರತಂದು, ಧೂಳು ಬಹಳ ಕಡಿಮೆಯೆಂದು ತೋರಿಸಲೋ ಎಂಬಂತೆ ಕ್ಯಾಲಿಪರುಗಳಿಗೆ ಬಿಳಿಯ ಬಣ್ಣ ಬಳಿಯಿತು. ಬೆಲೆ ಹೆಚ್ಚಾದರೂ ಕಾರಣವನ್ನೇ ಹಿಡಿದು ಮಾಡಿದ ಚಿಕಿತ್ಸೆ ಅದು.

ಗೆಳೆಯನ ಸಂಗತಿಗೆ ಬರುತ್ತೇನೆ. ಅವನು ದಿನವೂ ಆಫೀಸಿಗೆ ಹೋಗುತ್ತಾನೆ. ವರ್ಷಕ್ಕೆ ಎರಡು ಸಲ ಮಕ್ಕಳೊಡನೆ ಸಿಯೆರಾ ದಾಟುತ್ತಾನೆ. ಪಂದ್ಯದ ಹಾದಿಗೆ ಒಮ್ಮೆಯೂ ಹೋಗಿಲ್ಲ. ಅವನಿಗೆ ಧೂಳು ಕಡಿಮೆಯ ಒಳ್ಳೆಯ ಪ್ಯಾಡೇ ಸರಿ. ಚಕ್ರದ ಸೊಬಗಿಗಾಗಿ ಅಲ್ಲ. ಅವನ ಕೆಲಸಕ್ಕೆ ಅಷ್ಟು ಸಾಕಾಗಿರುವುದರಿಂದ, ಡಿಸ್ಕು ಉಳಿಯುವುದರಿಂದ, ದಾರಿಹೋಕರ ಉಸಿರಿಗೆ ಕಡಿಮೆ ಕಬ್ಬಿಣ ಬೀಳುವುದರಿಂದ. ನಾಳೆ ಅವನು ಪಂದ್ಯದ ಹಾದಿಗೆ ಇಳಿಯುವ ಮನಸ್ಸು ಮಾಡಿದರೆ ಉತ್ತರ ಬದಲಾಗುತ್ತದೆ. ಆಗ ಅದಕ್ಕೆಂದೇ ಬೇರೆ ಪ್ಯಾಡುಗಳ ಜೊತೆಯಿರಬೇಕು. ಊರಿಗೆ ಬಂದ ಕೂಡಲೆ ಅವನ್ನು ತೆಗೆಯಲೂಬೇಕು, ಏಕೆಂದರೆ ಪಂದ್ಯದ ಪ್ಯಾಡು ತಣ್ಣಗಿರುವಾಗ ಚೆನ್ನಾಗಿ ಹಿಡಿಯುವುದಿಲ್ಲ. ಎಲ್ಲ ಕಾಲಕ್ಕೂ ಎಲ್ಲ ಕೆಲಸಕ್ಕೂ ಒಂದೇ ಪ್ಯಾಡು ಎಂದು ಸಾರುವ ಜಾಹೀರಾತನ್ನು ನಂಬಲಾಗದು.

ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಾಳೆ ನೀವು ಕೊಳ್ಳುವುದು ಬ್ರೇಕ್ ಪ್ಯಾಡು ಆಗದಿರಬಹುದು. ಸೈಕಲ್ಲಿನ ಟಯರೋ ಅಡುಗೆಯ ಒಲೆಯೋ ಆಗಬಹುದು. ಕಣ್ಣಿಗೆ ಮೊದಲು ಬಿದ್ದ ದೋಷವೇ ಮುಖ್ಯವಾದ ದೋಷವೆಂದು ಎಣಿಸಬೇಡಿ. ಒಂದು ಹಾಳೆ, ಒಂದು ಪೆನ್ಸಿಲ್, ಶಾಲೆಯಲ್ಲಿ ಕಲಿತ ಎರಡು ಸೂತ್ರ ಇಷ್ಟಿದ್ದರೆ ಎಷ್ಟೋ ಭ್ರಾಂತಿ ಕಳೆಯುತ್ತದೆ. ಪಾಠ ಹೇಳುವವನ ಭ್ರಾಂತಿಯೂ ಕಳೆಯುತ್ತದೆಂಬುದಕ್ಕೆ ಈ ಲೇಖನವೇ ಸಾಕ್ಷಿ. ಗೆಳೆಯನಿಗೆ ಕಳುಹಿಸಿದ ತಿದ್ದುಪಡಿಯ ಕೊನೆಗೆ ಒಂದು ಸಾಲನ್ನು ಸೇರಿಸಿದ್ದೆ: “ಹೊಸ ಪ್ಯಾಡು ಹಾಕಿಸಿಕೊ, ಚಕ್ರ ಬೆಳ್ಳಗಾಯಿತೆಂದು ವೇಗ ಹೆಚ್ಚಿಸಬೇಡ. ಶಕ್ತಿ ವೇಗದ ವರ್ಗದಂತೆ ಏರುತ್ತದೆಂಬುದನ್ನು ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿತಿದ್ದೇವೆ.”